ಹೊಳೆಯಾಚೆಯ ಆರ್ಗನ್

ಮಂಗಳೂರಿನ ಹಳೆಯ ಬಂದರಿನಲ್ಲಿ ನಿಂತು ಪಡುವಣಕ್ಕೆ ಮುಖ ಮಾಡಿದರೆ ಹೊಳೆಯಾಚೆ ತೆಂಗಿನ ಮರಗಳ ಒಂದು ಕಿರಿದಾದ ಪಟ್ಟಿ ಕಾಣುತ್ತದೆ. ಅದೇ ಬೆಂಗ್ರೆ. ಮೂಡಲಿಗೆ ಗುರುಪುರ ಹೊಳೆ (ಪುಸ್ತಕ ಓದಿದವರು ಅದನ್ನು ಫಲ್ಗುಣಿ ಎನ್ನುತ್ತಾರೆ), ಪಡುವಲಿಗೆ ಅರಬ್ಬೀ ಸಮುದ್ರ, ತೆಂಕಣ ತುದಿಯಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಒಂದಾಗಿ ಕಡಲು ಸೇರುವ ಅಳಿವೆ ಬಾಗಿಲು. ನಡುವೆ ಮಳಲಿನ ಮೇಲೆ ಮೊಗವೀರರ ಮನೆಗಳು, ಬ್ಯಾರಿಗಳ ಮನೆಗಳು, ಭಜನಾಮಂದಿರ, ಮಸೀದಿ, ಒಣಹಾಕಿದ ಬಲೆ. ಬಡಗಣ ದಿಕ್ಕಿನಿಂದ ತಣ್ಣೀರುಬಾವಿಯ ಮೂಲಕ ರಸ್ತೆಯೇನೋ ಇದೆ. ಆದರೆ ಕೂಳೂರನ್ನು ಸುತ್ತಿ ಬರುವ ಆ ದಾರಿಯನ್ನು ಹಿಡಿಯುವವನು ಒಂದೋ ಹೊಸಬ, ಇಲ್ಲವೇ ಮನೆಗೆ ಅಕ್ಕಿಮುಡಿಯನ್ನೋ ಮಂಚವನ್ನೋ ಸಾಗಿಸುವವನು. ಉಳಿದವರಿಗೆಲ್ಲ ದೋಣಿಯೇ ಗತಿ. ಬಂದರಿನಿಂದ ಹೊರಟ ದೋಣಿ ನಾಲ್ಕು ಮಾತು ಮುಗಿಯುವುದರೊಳಗೆ ಆಚೆಯ ದಡ ಮುಟ್ಟಿಸುತ್ತದೆ.

ನಾನು ಹುಟ್ಟಿದ್ದು ಈ ಮಳಲಿನ ಮೇಲೆ. ಈಗ ನಗರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, ದಿನವೂ ಎರಡು ಹೊತ್ತು ಹೊಳೆ ದಾಟುತ್ತೇನೆ. ಪಂಪ, ರನ್ನರನ್ನು ದೋಣಿಯಲ್ಲಿ ಓದಿ ಮುಗಿಸಿದ ಅಧ್ಯಾಪಕರು ಈ ನಾಡಿನಲ್ಲಿ ಬಹಳ ಮಂದಿ ಇರಲಾರರು ಎಂಬ ಸಣ್ಣದೊಂದು ಹೆಮ್ಮೆ ನನಗುಂಟು. ಆದರೆ ಈ ಬರಹ ಪಂಪನದಲ್ಲ; ಆರ್ಗನಿನದು. ಬೆಂಗ್ರೆಗೂ ಆರ್ಗನಿಗೂ ಏನು ನಂಟು ಎಂದು ವಾಚಕರು ಹುಬ್ಬೇರಿಸುವುದು ಸಹಜ. ನಂಟು ನನ್ನ ತಾಯಿಯಿಂದ ಬಂದದ್ದು.

ನನ್ನ ತಾಯಿಗೆ ಈಗ ಎಪ್ಪತ್ತರ ಹತ್ತಿರ. 1960ರ ದಶಕದ ಕೊನೆಯಲ್ಲಿ ಆಕೆ ದೋಣಿ ದಾಟಿ ನಗರದ ಒಂದು ಮಿಷನ್ ಶಾಲೆಗೆ ಹೋಗುತ್ತಿದ್ದಳು. ಓದಿದ್ದು ಏಳನೆಯ ತರಗತಿ. ಅದರ ಮೇಲೆ ಓದುವ ಮನಸ್ಸು ಆಕೆಗಿತ್ತು. ಮನೆಯಲ್ಲಿ ಮೀನಿನ ಬುಟ್ಟಿಯೂ ಇತ್ತು. ಬುಟ್ಟಿಯೇ ಗೆದ್ದಿತು. ಶಾಲೆಯಿಂದ ಆಕೆ ಬೆಂಗ್ರೆಗೆ ತಂದದ್ದು ಎರಡೇ ವಸ್ತು: ಚಂದದ ಕನ್ನಡ ಕೈಬರಹ ಮತ್ತು ಪದಗಳಿಲ್ಲದ ಒಂದು ರಾಗ. ಬಲೆಗೆ ತೇಪೆ ಹಾಕುವಾಗ, ಅಕ್ಕಿ ಆರಿಸುವಾಗ, ನಮ್ಮನ್ನು ಮಲಗಿಸುವಾಗ ಆಕೆ ಅದನ್ನು ಗುನುಗುತ್ತಿದ್ದಳು. ಅದನ್ನು ರಾಗವೆನ್ನುವುದಕ್ಕೂ ಸಂಕೋಚವಾಗುತ್ತದೆ. ಒಂದೇ ಮೆಟ್ಟಿಲ ಮೇಲೆ ನಿಂತು, ಬೇಸರವಾದಾಗ ಒಂದು ಮೆಟ್ಟಿಲು ಇಳಿದು, ಮತ್ತೆ ಹತ್ತಿ, ಅಲ್ಲೇ ನಿಲ್ಲುವ ಒಂದು ಗುನುಗು ಅದು. ಅಕ್ಕಪಕ್ಕದ ಹೆಂಗಸರು ನಗುತ್ತಿದ್ದರು. “ಶಾಲೆಯಲ್ಲಿ ಆರ್ಗನ್ ಬಾರಿಸುತ್ತಿದ್ದರು, ಅದರ ಸಂಗಡ ಹಾಡಿದ್ದು. ಅದರಲ್ಲಿ ಬಹಳ ಚಂದವಿತ್ತು, ನನ್ನ ಬಾಯಲ್ಲಿ ಬರುವುದಿಲ್ಲ” ಎಂದು ಆಕೆ ತುಳುವಿನಲ್ಲಿ ಹೇಳಿ ಸುಮ್ಮನಾಗುತ್ತಿದ್ದಳು.

ಎರಡು ವರ್ಷಗಳಿಂದ ಆಕೆಯ ಕಿವಿ ಮಂದವಾಗುತ್ತಿದೆ. ಕಿವಿಗೆ ಯಂತ್ರ ಹಾಕಿಸಿದ್ದಾಯಿತು. ಇನ್ನೂ ಮಂದವಾದೀತು ಎಂದು ವೈದ್ಯರು ಹೇಳಿದ ದಿನ, ದೋಣಿಯಲ್ಲಿ ಹಿಂದಿರುಗುವಾಗ ಆಕೆ ಆ ಗುನುಗನ್ನೇ ಗುನುಗುತ್ತಿದ್ದಳು. ಈ ಹಾಡನ್ನು ಹುಡುಕಬೇಕು, ಆರ್ಗನಿನ ಸಮೇತ ಆಕೆಗೆ ಕೇಳಿಸಬೇಕು, ಅದೂ ಬೇಗ, ಎಂದು ನನಗೆ ಅನ್ನಿಸಿದ್ದು ಆಗಲೇ.

ಮಂಗಳೂರಿನಲ್ಲಿ ಇಂಥ ಹಾಡು ಹುಡುಕುವುದಕ್ಕೆ ಎರಡು ದಾರಿಗಳು. ಒಂದು ಕಥೊಲಿಕರದು. ಅವರು ತಮ್ಮ ಆರಾಧನಾಮಂದಿರವನ್ನು ಇಗರ್ಜಿ ಎನ್ನುತ್ತಾರೆ. ಪೋರ್ತುಗೀಸರು ಬಿಟ್ಟುಹೋದ ಮಾತು. ಅವರ ಪ್ರಾರ್ಥನೆಯ ಭಾಷೆ ಬಹುಕಾಲ ಲ್ಯಾಟಿನ್ ಆಗಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಆಯಾ ಜನರ ಭಾಷೆಗೆ ಬಾಗಿಲು ತೆರೆಯಿತು. ಇಲ್ಲಿ ಕೊಂಕಣಿ ಹಾಡುಗಳು ಹೊಳೆಯಂತೆ ಹರಿದುಬಂದವು. ಜನಭಾಷೆಗೆ ಸಮ್ಮತಿಯಿತ್ತ ಅದೇ ಸಭೆ, ಕೊಳವೆಯ ಆರ್ಗನನ್ನು ವಿಶೇಷವಾಗಿ ಗೌರವಿಸಬೇಕೆಂದೂ ಹೇಳಿತೆಂಬುದನ್ನು ಎಲ್ಲರೂ ನೆನಪಿಡುವುದಿಲ್ಲ. ಇನ್ನೊಂದು ದಾರಿ ಬಾಸೆಲ್ ಮಿಶನ್ನಿನವರದು. ನನ್ನ ತಾಯಿಯ ಶಾಲೆ ಈ ಎರಡನೆಯ ಕೂಟಕ್ಕೆ ಸೇರಿದ್ದರಿಂದ ನಾನು ಬಲ್ಮಠದ ಗುಡ್ಡ ಹತ್ತಿದೆ.

ಕನ್ನಡ ಎಂ.ಎ. ಮಾಡಿದವನಿಗೆ ಆ ಗುಡ್ಡ ಒಂದು ತೀರ್ಥಕ್ಷೇತ್ರವೇ ಸರಿ. ಬಾಸೆಲಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೋಗ್ಲಿಂಗನು ಇಲ್ಲಿಂದಲೇ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. 1862ರಲ್ಲಿ ಗುಡ್ಡದ ಮೇಲೆ ಈಗಿನ ಶಾಂತಿ ದೇವಾಲಯ ಎದ್ದಿತು. ಅದೇ ವರ್ಷ ಕಿಟ್ಟೆಲನು ಕ್ರಿಸ್ತಚರಿತೆಯನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ ಎಂದು ಹೆಣೆದನು. ಅವನ ನಿಘಂಟನ್ನು ನಾವೆಲ್ಲ ಬಲ್ಲೆವು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಅಚ್ಚು ಮಾಡಿಸಿದವನೂ ಅವನೇ.

ಇಲ್ಲಿ ವಾಚಕರು ಒಂದು ನಿಮಿಷ ನನ್ನ ತರಗತಿಯಲ್ಲಿ ಕುಳಿತಂತೆ ಭಾವಿಸಬೇಕು. ಜರ್ಮನ್ ಕೀರ್ತನೆಯ ರಾಗಕ್ಕೆ ಕನ್ನಡ ಮಾತು ಹೊಂದಿಸುವುದು ಸುಲಭದ ಕೆಲಸವಲ್ಲ. ಆ ಭಾಷೆಯಲ್ಲಿ ಒತ್ತು ಮುಖ್ಯ, ನಮ್ಮಲ್ಲಿ ಮಾತ್ರೆ ಮುಖ್ಯ. ಅವರ ಎಷ್ಟೋ ಹಾಡುಗಳು ತಾಳ ಬೀಳುವುದಕ್ಕೆ ಒಂದು ಹೆಜ್ಜೆ ಮುಂಚೆಯೇ ಆರಂಭವಾಗುತ್ತವೆ. ನಮ್ಮ ಸಂಗೀತಗಾರರು ಅತೀತವೆನ್ನುವಂಥ ಎತ್ತುಗಡೆ. ಕನ್ನಡ ಪದಕ್ಕಾದರೋ ಮೊದಲ ಅಕ್ಷರವೇ ನಿಲುವು. ಆ ಅಕ್ಷರವನ್ನು ತಾಳದ ಹೊರಗೆ ತೂಗುಬಿಟ್ಟರೆ ಪದ ಕುಂಟುತ್ತದೆ. ಇದನ್ನು ಸರಿಪಡಿಸಲು ಸಾಲಿನ ತಲೆಯಲ್ಲಿ ಒಂದು ಊನಗಣವನ್ನಿಡಬೇಕು. ಈಗಿನ ಛಂದಶ್ಶಾಸ್ತ್ರದಲ್ಲಿ ಅದಕ್ಕೆ ಪದ್ಮಗಣವೆಂದು ಹೆಸರು. 1926ರಲ್ಲಿ ಹೊರಬಂದ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕಾವ್ಯಕ್ಕೆ ಹೊಸ ನಡೆಗಳನ್ನು ತಂದವೆಂದು ನಾವು ಪಾಠ ಹೇಳುತ್ತೇವೆ, ಸರಿಯೇ. ಆದರೆ ಅದಕ್ಕೂ ಬಹಳ ಮುಂಚೆ, ಪಡುವಣ ಕಡಲ ತಡಿಯಲ್ಲಿ, ಕವಿಗಳೆಂಬ ಹೆಸರಿಲ್ಲದ ಉಪದೇಶಕರು ಭಾನುವಾರದ ಹಾಡಿಗಾಗಿ ಇದೇ ಗಂಟನ್ನು ಬಿಡಿಸಲು ಹೆಣಗಿದ್ದರು. ಅವರ ಎಲ್ಲ ಸಾಲುಗಳೂ ಚೆನ್ನಾಗಿಲ್ಲ. ಕೆಲವಂತೂ ಹೊಸ ಬೂಟು ಹಾಕಿಕೊಂಡವನಂತೆ ನಡೆಯುತ್ತವೆ. ಆದರೂ ನಾಲ್ಕು ತಲೆಮಾರು ಹಾಡಿ ಹಾಡಿ ಬೂಟು ಕಾಲಿಗೆ ಹೊಂದಿಕೊಂಡಿದೆ.

ಗುಡ್ಡದ ಮೇಲೆ ಒಬ್ಬರು ಇನ್ನೊಬ್ಬರ ವಿಳಾಸ ಕೊಟ್ಟರು, ಅವರು ಮತ್ತೊಬ್ಬರದು. ಕಡೆಗೆ ನಗರದ ಇನ್ನೊಂದು ಹಳೆಯ ದೇವಾಲಯದಲ್ಲಿ ನಲವತ್ತು ವರ್ಷಗಳಿಂದ ಆರ್ಗನ್ ನುಡಿಸುತ್ತಿರುವ ಹಿರಿಯರೊಬ್ಬರು ಸಿಕ್ಕಿದರು. ತಮ್ಮ ಹೆಸರನ್ನಾಗಲಿ ದೇವಾಲಯದ ಹೆಸರನ್ನಾಗಲಿ ಅಚ್ಚು ಹಾಕಿಸಬಾರದೆಂದು ಅವರ ಷರತ್ತು. ನಿವೃತ್ತ ಶಾಲಾ ಅಧ್ಯಾಪಕರು. ನಾನು ಅವರನ್ನು “ಮಾಸ್ಟ್ರೇ” ಎಂದೆ, ಅವರು ನನ್ನನ್ನು “ಮಾಸ್ಟ್ರೇ” ಎಂದರು. ನಮ್ಮ ಸಂಭಾಷಣೆ ಕೇಳಿದ ಮೂರನೆಯವರಿಗೆ ಯಾರು ಯಾರನ್ನು ಕರೆಯುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ.

ಅವರ ಆರ್ಗನ್ ಯೂರೋಪಿನ ಮಹಾದೇವಾಲಯಗಳಲ್ಲಿರುವ ಕೊಳವೆಯ ಆರ್ಗನ್ ಅಲ್ಲ. ಅಲ್ಲಿಯದರಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಕೊಳವೆ. ಅತಿ ದೊಡ್ಡ ಕೊಳವೆಗಳು 32 ಅಡಿ ಉದ್ದ. ಇದು ಪೀಪಿಯ ಆರ್ಗನ್: ಬೀರುವಿನಷ್ಟು ದೊಡ್ಡ ಮರದ ಪೆಟ್ಟಿಗೆ, ಕೆಳಗೆ ಎರಡು ತುಳಿಹಲಗೆ, ಒಳಗೆ ತಿದಿ, ಗಾಳಿ ಹಾಯುವಾಗ ಅದುರುವ ಹಿತ್ತಾಳೆಯ ನಾಲಗೆಗಳು. ನಮ್ಮ ಹಾರ್ಮೋನಿಯಂ ಇದರದೇ ಕುಲ. ಪ್ಯಾರಿಸಿನಲ್ಲಿ ಮೇಜಿನಂತೆ ಕಾಲೂರಿ ನಿಂತಿದ್ದ ಆ ವಾದ್ಯ, ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರ ಕೈಗೆ ಸಿಕ್ಕಿ ಕಾಲು ಕಳೆದುಕೊಂಡು ಜಮಖಾನೆಯ ಮೇಲೆ ಕುಳಿತುಕೊಂಡಿತು. ಆಮೇಲೆ ಅದು ನಮ್ಮದೇ ಆಯಿತು. ಎಷ್ಟು ನಮ್ಮದಾಯಿತೆಂದರೆ, ಗಮಕಕ್ಕೆ ಒಗ್ಗದ ಪರದೇಶಿ ವಾದ್ಯವೆಂದು 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿ, 1971ರಲ್ಲಿ ಮತ್ತೆ ಒಳಗೆ ಕರೆದುಕೊಳ್ಳಬೇಕಾಯಿತು!

“ಇದರ ಶತ್ರುಗಳು ಮೂವರು” ಎಂದರು ಮಾಸ್ಟ್ರು. “ಉಪ್ಪುಗಾಳಿ, ಮಳೆಗಾಲ, ಇಲಿ. ಉಪ್ಪುಗಾಳಿ ಹಿತ್ತಾಳೆಯನ್ನು ತಿನ್ನುತ್ತದೆ, ಮಳೆಗಾಲದಲ್ಲಿ ಮರ ಉಬ್ಬಿ ಕೀಲಿ ಸಿಕ್ಕಿಕೊಳ್ಳುತ್ತದೆ, ಇಲಿ ತಿದಿಯ ಬಟ್ಟೆಗೆ ಬಾಯಿ ಹಾಕುತ್ತದೆ. ರಿಪೇರಿ ಮಾಡುವವರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಈಗ ಕೀಬೋರ್ಡ್ ಬಂದಿದೆ. ಕ್ರಿಸ್ಮಸ್ ಆದ ಮೇಲೆ ಇದನ್ನು ಹಿಂದಿನ ಕೋಣೆಗೆ ಸಾಗಿಸುತ್ತಾರೆ.” ಇದರಲ್ಲಿ ದೂರೇನೂ ಇರಲಿಲ್ಲ, ಕೀಬೋರ್ಡನ್ನು ಆರಿಸಿ ತಂದವರೂ ಅವರೇ.

ತಾಯಿಯ ಗುನುಗನ್ನು ನಾನು ಸಣ್ಣ ಧ್ವನಿಯಂತ್ರದಲ್ಲಿ ಹಿಡಿದು ತಂದಿದ್ದೆ. ಮಾಸ್ಟ್ರು ಕಣ್ಣು ಮುಚ್ಚಿ ಕೇಳಿದರು. ತಲೆಯಾಡಿಸಿದರು. ಇನ್ನೊಮ್ಮೆ ಕೇಳಿದರು. “ಇಂಥ ಹಾಡು ನಮ್ಮಲ್ಲಿ ಇಲ್ಲ” ಎಂದರು. ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಹಿಂದಿನಿಂದ ಆರ್ಗನ್ ನುಡಿಯಿತು. ಎಡಗಾಲು ಬಲಗಾಲು ತುಳಿಯುತ್ತ, ಅವರು ಆ ಬೇಸರದ ಗುನುಗನ್ನು ಒಂದೇ ಬೆರಳಿನಲ್ಲಿ ನುಡಿಸಿದರು. ಅರೆಗಳಿಗೆ ತಡೆದು, ಅದರ ಮೇಲೆ ಇನ್ನೊಂದು ಬೆರಳಿಟ್ಟರು. ಮೇಲಿನ ಬೆರಳು ಹತ್ತಿತು, ತಿರುಗಿತು, ಅರಳಿತು. ಕೆಳಗಿನದು ತನ್ನ ಮೆಟ್ಟಿಲ ಮೇಲೆ ನಿಂತೇ ಇತ್ತು. ಮಾಸ್ಟ್ರು ಗಟ್ಟಿಯಾಗಿ ನಕ್ಕುಬಿಟ್ಟರು.

“ಮಾಸ್ಟ್ರೇ, ನಿಮ್ಮ ತಾಯಿ ಹಾಡುವುದು ಹಾಡನ್ನಲ್ಲ. ಹಾಡಿನ ಎರಡನೆಯ ದನಿಯನ್ನು. ಅವರನ್ನು ಆಲ್ಟೋ ಸಾಲಿನಲ್ಲಿ ನಿಲ್ಲಿಸಿದ್ದಾರೆ!”

ನಮ್ಮ ಸಂಗೀತದಲ್ಲಿ ಎಲ್ಲರೂ ಒಂದೇ ದಾರಿಯಲ್ಲಿ ನಡೆಯುತ್ತಾರೆ; ಪಕ್ಕವಾದ್ಯವೂ ಗಾಯಕನ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತದೆ. ಈ ವೃಂದಗಾನದಲ್ಲಾದರೋ ದಾರಿಗಳು ನಾಲ್ಕು. ಹೆಂಗಸರ ಎತ್ತರದ ದನಿ ಸೋಪ್ರಾನೋ, ತಗ್ಗಿನದು ಆಲ್ಟೋ. ಗಂಡಸರ ಎತ್ತರದ ದನಿ ಟೆನರ್, ತಗ್ಗಿನದು ಬೇಸ್. ಹಾಡಿನ ರಾಗವೆಂದು ನಾವು ಕೇಳುವುದು ಸಾಮಾನ್ಯವಾಗಿ ಮೊದಲನೆಯದನ್ನೇ. ಉಳಿದ ಮೂರನ್ನು ಬಿಡಿಯಾಗಿ ಹಾಡಿದರೆ ಯಾರಿಗೂ ಹಾಡು ಎನ್ನಿಸುವುದಿಲ್ಲ. ತೆಗೆದುಬಿಟ್ಟರೆ ಮೊದಲನೆಯದು ಬಡವಾಗುತ್ತದೆ. ಐವತ್ತೈದು ವರ್ಷ ನನ್ನ ತಾಯಿ ಬೆಂಗ್ರೆಯ ಮಳಲಿನಲ್ಲಿ ಒಬ್ಬಳೇ ಎರಡನೆಯ ದನಿಯನ್ನು ತಪ್ಪಿಲ್ಲದೆ ಹಾಡಿದ್ದಳು. ಆಕೆಗೆ ರಾಗಜ್ಞಾನವಿಲ್ಲವೆಂದು ನಾವೆಲ್ಲ ತಿಳಿದಿದ್ದೆವು. ನಾನೂ ಸೇರಿ.

ಹಾಡು ಯಾವುದೆಂದು ಈಗ ತಿಳಿಯಿತು. ಜರ್ಮನಿಯ ಐಲೆನ್‌ಬುರ್ಗ್ ಎಂಬ ಊರಿನ ಪಾದ್ರಿ ಮಾರ್ಟಿನ್ ರಿಂಕಾರ್ಟ್ ಬರೆದ ಕೃತಜ್ಞತೆಯ ಕೀರ್ತನೆ. ರಾಗ 1647ರಲ್ಲಿ ಯೊಹಾನ್ ಕ್ರ್ಯೂಗರನ ಗೀತಸಂಪುಟದಲ್ಲಿ ಬಂದದ್ದು. ಮೂವತ್ತು ವರ್ಷಗಳ ಯುದ್ಧದ ಕಾಲ. 1637ರಲ್ಲಿ ಆ ಊರಿಗೆ ಮಹಾಮಾರಿ ಬಂದಾಗ ರಿಂಕಾರ್ಟನು ಸಾವಿರಾರು ಮಂದಿಯ ಶವಸಂಸ್ಕಾರ ನಡೆಸಿದನು. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಆ ಕೈ ಕೃತಜ್ಞತೆಯ ಹಾಡು ಬರೆದದ್ದು ಹೇಗೆ ಎಂಬುದು ನನಗೆ ಇನ್ನೂ ಬಿಡಿಸದ ಒಗಟು.

ಹಾಡು ಸಿಕ್ಕಿತು, ಇನ್ನು ಹಿಡಿಯಬೇಕು. ಆರ್ಗನ್ ಹಿಡಿಯುವುದು ಹಿಂದಿನಿಂದಲೂ ಕಷ್ಟದ ಕೆಲಸವೇ. ತುತ್ತೂರಿಯೊಳಗೆ ಹಾಡಿಸಿ ಮುದ್ರಿಸುತ್ತಿದ್ದ ಕಾಲದಲ್ಲಿ ಅದರ ತಗ್ಗಿನ ಸ್ವರಗಳು ತಟ್ಟೆಯ ಮೇಲೆ ಉಳಿಯುತ್ತಲೇ ಇರಲಿಲ್ಲ. 1925ರಲ್ಲಿ ವಿದ್ಯುತ್ ಮೈಕು ಬಂದ ಮೇಲೆ ಕಂಪನಿಗಳಿಗೆ ಧೈರ್ಯ ಬಂದಿತು. 1927ರಲ್ಲಿ ಎಚ್.ಎಂ.ವಿ. ಕಂಪನಿಯವರು ಯಂತ್ರಗಳನ್ನು ಮೋಟಾರಿನಲ್ಲಿ ಹೇರಿಕೊಂಡು ಲಂಡನ್ನಿನ ಟೆಂಪಲ್ ದೇವಾಲಯಕ್ಕೇ ಹೋದರು. ಅಲ್ಲಿ ಅರ್ನೆಸ್ಟ್ ಲಫ್ ಎಂಬ ಹುಡುಗ ಮೆಂಡೆಲ್ಸನ್ನನ ಕೃತಿಯೊಂದನ್ನು ಹಾಡಿದ. ತಟ್ಟೆ ಎಷ್ಟು ಮಾರಾಟವಾಯಿತೆಂದರೆ ಮೂಲ ಅಚ್ಚೇ ಸವೆದು, ಮರುವರ್ಷ ಹುಡುಗನನ್ನು ಕರೆಸಿ ಮತ್ತೆ ಹಾಡಿಸಬೇಕಾಯಿತು.

ಧ್ವನಿಮುದ್ರಣದ ಹುಚ್ಚಿನಲ್ಲಿ ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂದು ಅಂದಾಜು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಹಾಡುಗಳು ಮೊದಲ ಸಲ ಸಭೆಯೇರಿದಾಗ, ಹಣದ ಹೊಣೆ ಹೊತ್ತವರು ಅವರು. ತಾವು ಹೋಗಲಾಗದ ಆ ಕಚೇರಿಯನ್ನು ಮುದ್ರಿಸಿ ಮೈಸೂರಿಗೆ ತರಿಸಿಕೊಂಡರು. ಮಹಾರಾಜರಿಗೂ ನನಗೂ ಒಂದೇ ಸಾಮ್ಯ: ಇಬ್ಬರೂ ದೂರದ ಹಾಡನ್ನು ಮನೆಗೆ ತರಿಸಲು ಹೊರಟವರು. ನನ್ನ ಕೈಯಲ್ಲಿದ್ದುದು ಸಹೋದ್ಯೋಗಿಯೊಬ್ಬರಿಂದ ಎರವಲು ತಂದ, ಅಂಗೈಯಗಲದ ಯಂತ್ರ.

ಕಳೆದ ಡಿಸೆಂಬರಿನ ಒಂದು ಶನಿವಾರ ಸಂಜೆ, ಕ್ರಿಸ್ಮಸ್ ಹಾಡುಗಳ ಅಭ್ಯಾಸಕ್ಕೆ ಸೇರಿದ ವೃಂದ ನನಗಾಗಿ ಅರ್ಧ ಗಂಟೆ ಬಿಟ್ಟುಕೊಟ್ಟಿತು. ಹದಿನಾರು ಮಂದಿ: ಬ್ಯಾಂಕಿನ ಗುಮಾಸ್ತರು, ದಾದಿಯರು, ಇಬ್ಬರು ಕಾಲೇಜು ಹುಡುಗರು (ಅದರಲ್ಲೊಬ್ಬ ನನ್ನ ತರಗತಿಗೆ ಚಕ್ಕರ್ ಹೊಡೆಯುವವನು, ನನ್ನನ್ನು ಕಂಡು ಬೇಸ್ ಸಾಲಿನ ಹಿಂದೆ ಅಡಗಿಕೊಂಡ). ಆಲ್ಟೋ ಸಾಲಿನಲ್ಲಿ ಮಾತ್ರ ಇಬ್ಬರೇ. ಉಳಿದಿಬ್ಬರಿಗೆ ಆ ಸಂಜೆ ಆಸ್ಪತ್ರೆಯಲ್ಲಿ ಪಾಳಿ. “ಎರಡನೆಯ ದನಿ ತೆಳುವಾಗುತ್ತದೆ” ಎಂದು ಮಾಸ್ಟ್ರು ಗೊಣಗಿದರು.

ಯಂತ್ರವನ್ನು ಎಲ್ಲಿಡುವುದೆಂಬುದೇ ಮೊದಲ ಪ್ರಶ್ನೆ. ಆರ್ಗನಿನ ಹತ್ತಿರವಿಟ್ಟರೆ ತಿದಿಯ ಉಬ್ಬಸವೂ ತುಳಿಹಲಗೆಯ ಕಿರುಗುಟ್ಟುವಿಕೆಯೂ ಹಾಡನ್ನು ನುಂಗುತ್ತವೆ. ದೂರವಿಟ್ಟರೆ ಮಾತುಗಳೆಲ್ಲ ಕಲೆತು ಗಂಜಿಯಾಗುತ್ತವೆ. ಯೂರೋಪಿನ ಕಲ್ಲಿನ ಮಹಾದೇವಾಲಯಗಳಲ್ಲಿ ಆರ್ಗನ್ ನಿಂತ ಮೇಲೂ ಅದರ ದನಿ ಕೆಲವು ಕ್ಷಣ ಕಮಾನುಗಳಲ್ಲಿ ಅಲೆಯುತ್ತಿರುತ್ತದಂತೆ. ಇಲ್ಲಿ ಮರದ ಮುಚ್ಚಿಗೆ, ಮೇಲೆ ಮಂಗಳೂರು ಹೆಂಚು, ಎರಡು ಕಡೆಯೂ ತೆರೆದ ಕಿಟಕಿ. ದನಿ ಹೆಚ್ಚು ಹೊತ್ತು ತಂಗುವುದಿಲ್ಲ, ಹಿತ್ತಿಲಿಗೆ ಇಳಿದುಹೋಗುತ್ತದೆ. ಮೂರು ಬೆಂಚು ಹಿಂದೆ, ತಲೆಯೆತ್ತರಕ್ಕೆ ಯಂತ್ರವನ್ನು ನಿಲ್ಲಿಸಿದೆವು. ಫ್ಯಾನುಗಳನ್ನು ನಿಲ್ಲಿಸಿದೆವು. ಮಂಗಳೂರಿನಲ್ಲಿ ಫ್ಯಾನು ನಿಲ್ಲಿಸಿ ಹಾಡಿರೆಂದು ಕೇಳುವುದು ಎಂಥ ಕ್ರೌರ್ಯವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಹಾಡಿದರು. ಅದನ್ನು ಬಣ್ಣಿಸಲು ನನಗೆ ಸಂಗೀತದ ಮಾತು ಬಾರದು. ಗೊತ್ತಿರುವ ಮಾತಿನಲ್ಲೇ ಹೇಳುತ್ತೇನೆ. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬರುವುದಕ್ಕೆ ಮುಂಚೆ ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ನನ್ನ ತಂದೆಯೂ ಎಳೆದವರೇ. ಹತ್ತಾರು ಮಂದಿ ದಡದಲ್ಲಿ ಎರಡು ಸಾಲಾಗಿ ನಿಂತು ಎಳೆಯುವ ಹಗ್ಗ. ಒಬ್ಬೊಬ್ಬನ ಕೈಯಲ್ಲೂ ಹಗ್ಗದ ಒಂದೊಂದು ತುಂಡೇ, ಬಲೆ ಯಾರ ಕಣ್ಣಿಗೂ ಕಾಣದು. ತಂದೆ ಹೇಳುತ್ತಿದ್ದರು, ಬಲೆಯಲ್ಲಿ ಮೀನು ತುಂಬಿದೆಯೆಂಬುದು ಮೊದಲು ಅಂಗೈಗೆ ತಿಳಿಯುತ್ತದೆಂದು. ನಾಲ್ಕು ದನಿಗಳು ಸಾಲಿನ ಕೊನೆಯಲ್ಲಿ ಒಂದಾಗಿ ನಿಂತಾಗ ನನ್ನ ಅಂಗೈಗೆ ಅಂಥದೇನೋ ತಿಳಿದಂತಾಯಿತು.

ಹಾಡು ಮುಗಿಯಿತು. ಯಂತ್ರ ನೋಡಿದೆ. ಗುಂಡಿಯನ್ನು ಒಂದು ಸಲ ಒತ್ತಿದರೆ ಅದು ಸಿದ್ಧವಾಗಿ ನಿಲ್ಲುತ್ತದೆ, ಎರಡನೆಯ ಸಲ ಒತ್ತಿದರೆ ಮಾತ್ರ ಮುದ್ರಣ ಆರಂಭ. ನಾನು ಒಂದೇ ಸಲ ಒತ್ತಿದ್ದೆ. ಕೆಂಪು ದೀಪ ಮಿಟುಕುತ್ತಿತ್ತು; ಉರಿಯುತ್ತಿರಲಿಲ್ಲ. ಬೆವರಿನಲ್ಲಿ ತೊಯ್ದ ಹದಿನಾರು ಮಂದಿಯ ಮುಂದೆ ಇದನ್ನು ಹೇಳಬೇಕಾಯಿತು. ಬೇಸ್ ಸಾಲಿನ ಹಿಂದಿನಿಂದ ನನ್ನ ಶಿಷ್ಯನ ನಗೆ ಸ್ಪಷ್ಟವಾಗಿ ಕೇಳಿಸಿತು.

ಎರಡನೆಯ ಸಲ ಆರ್ಗನಿನ ಒಂದು ಕೀಲಿ ಸಿಕ್ಕಿಕೊಂಡು, ಹಾಡು ಮುಗಿದ ಮೇಲೂ ಒಂದೇ ಸ್ವರ ಹಟದ ಮಗುವಿನಂತೆ ಅಳುತ್ತ ಕುಳಿತಿತು. ಮಾಸ್ಟ್ರು ಅದನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟರು. “ಇದಕ್ಕೂ ಹೋಗಲು ಮನಸ್ಸಿಲ್ಲ” ಎಂದಷ್ಟೇ ಹೇಳಿದರು. ಮೂರನೆಯ ಸಲ ಎಲ್ಲವೂ ಸರಿಹೋಯಿತು, ಎರಡನೆಯ ಚರಣದ ನಡುವೆ ಬೀದಿಯಲ್ಲಿ ಸ್ಕೂಟರಿನ ಮೀನು ಮಾರುವವನು ತನ್ನ ಹಾರ್ನನ್ನು ಪೋಂ ಪೋಂ ಎನ್ನಿಸಿದ್ದೊಂದನ್ನು ಬಿಟ್ಟು. ಮತ್ತೊಮ್ಮೆ ಹಾಡಿರೆನ್ನುವ ಮುಖ ನನಗಿರಲಿಲ್ಲ.

ರಾತ್ರಿಯ ದೋಣಿಯಲ್ಲಿ ಯಂತ್ರವನ್ನು ಅಂಗಿಯೊಳಗೆ ಅವಚಿಕೊಂಡು ಕುಳಿತಿದ್ದೆ. ಮರುದಿನ ಬೆಳಗ್ಗೆ, ಹಿತ್ತಿಲಿನಲ್ಲಿ, ತಾಯಿಯ ಕಿವಿಯ ಯಂತ್ರ ತೆಗೆದು ದೊಡ್ಡ ಹೆಡ್‌ಫೋನ್ ಹಾಕಿದೆ. ನನಗೂ ಕೇಳಲೆಂದು ಸಣ್ಣದೊಂದು ಸ್ಪೀಕರನ್ನೂ ಜೋಡಿಸಿದ್ದೆ. ಆಕೆಯ ಮುಖದಲ್ಲಿ ಬಹಳ ಹೊತ್ತು ಯಾವ ಬದಲಾವಣೆಯೂ ಇಲ್ಲ. ನನ್ನ ಎದೆ ಕುಸಿಯಿತು. ತಡಮಾಡಿದೆನೇ?

ಥಟ್ಟನೆ ಆಕೆ ಕಣ್ಣರಳಿಸಿ, “ಮೀನಿನವ ಬಂದ, ನೋಡು ಮಗಾ!” ಎಂದಳು.

ನಾನು ನಕ್ಕೆ. ನಗುತ್ತಿದ್ದಂತೆ ಆಕೆ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದಳು. ಹಾಡು ಮುಗಿಯಿತು. “ಇನ್ನೊಂದು ಸಲ” ಎಂದಳು. ಎರಡನೆಯ ಸಲ ಕೇಳುವಾಗ ಬೆರಳು ಮೊಣಕಾಲ ಮೇಲೆ ಆಡುತ್ತಿತ್ತು. “ನಾವು ಇಷ್ಟು ಬೇಗ ಹಾಡುತ್ತಿರಲಿಲ್ಲ. ಟೀಚರ್ ಬಯ್ಯುತ್ತಿದ್ದರು” ಎಂದಳು. ಆಮೇಲೆ ಸ್ವಲ್ಪ ತಡೆದು, “ನನ್ನ ಕಡೆಯ ಹುಡುಗಿಯರು ಕಡಮೆ ಇದ್ದಾರಲ್ಲ?” ಎಂದು ಕೇಳಿದಳು.

ಎರಡನೆಯ ದನಿಯಲ್ಲಿ ಅಂದು ಇಬ್ಬರೇ ಇದ್ದರೆಂಬುದನ್ನು ನಾನು ಆಕೆಗೆ ಹೇಳಿರಲಿಲ್ಲ.

ಮೂರನೆಯ ಸಲ ಆಕೆ ಕಾಯಲಿಲ್ಲ. ಆರ್ಗನ್ ಸ್ವರ ಕೊಟ್ಟೊಡನೆ ಬೆನ್ನು ನೆಟ್ಟಗೆ ಮಾಡಿ, ಎರಡು ಕೈಯನ್ನೂ ಶಾಲೆಯ ಹುಡುಗಿಯಂತೆ ಮುಂದೆ ಜೋಡಿಸಿ, ಹಾಡತೊಡಗಿದಳು. ಅದೇ ಗುನುಗು, ಮೆಟ್ಟಿಲ ಮೇಲೆ ನಿಂತು, ಒಂದು ಇಳಿದು, ಮತ್ತೆ ಹತ್ತುವುದು. ಆದರೆ ಈಗ ಅದರ ಮೇಲೂ ಕೆಳಗೂ ಜನವಿದ್ದರು. ಪಕ್ಕದ ಮನೆಯ ಹೆಂಗಸು ಬಲೆಯನ್ನು ಮಡಿಲಲ್ಲೇ ಬಿಟ್ಟು ಬೇಲಿಯ ಬಳಿಗೆ ಬಂದು ನಿಂತಳು; ಈ ಸಲ ನಗಲಿಲ್ಲ.

ಹಾಡು ಮುಗಿದಾಗ ನಾನು ಸಹೋದ್ಯೋಗಿಯ ಯಂತ್ರವನ್ನು ತೆಂಗಿನಕಟ್ಟೆಯ ಮೇಲಿಟ್ಟು, ಹಾಡನ್ನು ಫೋನಿನಿಂದ ನುಡಿಸುವಂತೆ ಅಣಿಮಾಡಿ, ಇನ್ನೊಮ್ಮೆ ಹಾಡೆಂದು ಆಕೆಗೆ ಸನ್ನೆ ಮಾಡಿದೆ. ಗುಂಡಿಯನ್ನು ಎರಡು ಸಲ ಒತ್ತಿದೆ. ಕೆಂಪು ದೀಪ ಮಿಟುಕದೆ ಉರಿಯುತ್ತಿದೆಯೇ ಎಂದು ಬಗ್ಗಿ ನೋಡಿದೆ. ಉರಿಯುತ್ತಿತ್ತು.